ಪಕ್ಕದ ಸೀಟಿನ ಬ್ರೇಕು

ಜನವರಿ ೧೧

ಅಪ್ಪನಿಗೆ,

ಅಮ್ಮ ಮಾಡಿದ ಕಾನೂನಿನ ಪ್ರಕಾರ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಿಗೆ ಕೂತರೆ ನಮ್ಮಿಬ್ಬರಿಗೂ ಎರಡೇ ನಿಮಿಷಕ್ಕೆ ಜಗಳ ಹತ್ತಿಕೊಳ್ಳುತ್ತದೆ. ನೀವು ಕೂಗುತ್ತೀರಿ, ನಾನು ಕಟ್ ಮಾಡುತ್ತೇನೆ, ಮಧ್ಯದಲ್ಲಿ ಅವಳ ಊಟ ಆರಿಹೋಗುತ್ತದೆ. ಕಾಗದದಲ್ಲಾದರೆ ಯಾರೂ ಯಾರ ಮಾತಿಗೂ ಅಡ್ಡ ಬರುವ ಹಾಗಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಇನ್ನೂ ಎಲ್ಲೂ ಸಿಕ್ಕಿಲ್ಲ. "ಇಷ್ಟು ಓದಿದೋಳಿಗೆ ಒಂದು ಪಿಎಚ್.ಡಿ. ಸೀಟು ಕೊಡೋಕೆ ಅವರಿಗೇನು ರೋಗ" ಅಂದಿರಿ. ಸೀಟು ಕೊಡುವವರಿದ್ದಾರೆ ಅಪ್ಪ, ಅದರ ಜೊತೆಗೆ ತಿಂಗಳ ಸ್ಟೈಪೆಂಡ್ ಕೊಡುವವರು ಸಿಗುವುದಿಲ್ಲ. ಪ್ರೊಫೆಸರಿಗೆ ಎಲ್ಲಿಂದಲಾದರೂ ಅನುದಾನ ಬಂದಿರಬೇಕು, ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ಜಾಗ ಉಳಿದಿರಬೇಕು, ಆ ಹೊತ್ತಿಗೆ ನಾನು ಅವರ ಕಣ್ಣಿಗೆ ಬಿದ್ದಿರಬೇಕು. ಅದಕ್ಕೇ ದಿನಾ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ ಗುರುತು ಪರಿಚಯ ಇಲ್ಲದ ಪ್ರೊಫೆಸರುಗಳಿಗೆಲ್ಲ ಇ-ಮೇಲ್ ಬರೆಯುತ್ತೇನೆ. ಮುಕ್ಕಾಲು ಪಾಲು ಜನ ಉತ್ತರಿಸುವುದೇ ಇಲ್ಲ. ಉಳಿದವರು, ನಿಮ್ಮ ಆಸಕ್ತಿ ಕಂಡು ಸಂತೋಷ, ಸದ್ಯಕ್ಕೆ ಅನುದಾನವಿಲ್ಲ, ಫೆಲೋಶಿಪ್ ನೀವೇ ತಂದರೆ ನೋಡೋಣ ಎನ್ನುತ್ತಾರೆ. ಹೋದ ವಾರ ನಿದ್ದೆಗಣ್ಣಿನಲ್ಲಿ, ಮೇಲಿನ ಹೆಸರು ಬದಲಿಸುವುದನ್ನೇ ಮರೆತು, ಒಬ್ಬರಿಗೆ ಬರೆದ ಪತ್ರವನ್ನು ಇನ್ನೊಬ್ಬರಿಗೆ ಕಳಿಸಿದೆ. ಅವರು ಮಾತ್ರ ಅದೇ ದಿನ ಉತ್ತರ ಬರೆದರು: "ನಾನು ಅವರಲ್ಲ." ನಗಬೇಡಿ.

ನಗುವ ವಿಷಯವೂ ಅಲ್ಲ. ನಾನಿರುವ ಪ್ರಾಜೆಕ್ಟು ಮೇ ಕೊನೆಗೆ ಮುಗಿಯುತ್ತದೆ, ನನ್ನ ಸಂಬಳವೂ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ವರ್ಷಕ್ಕೆ ಫೆಲೋಶಿಪ್ಪಿನ ವಯಸ್ಸಿನ ಮಿತಿ ದಾಟುತ್ತೇನೆ. ಈ ವರ್ಷ ಆಗದಿದ್ದರೆ ಆಮೇಲೆ ಆಗುವುದಿಲ್ಲ.

ಈಗ ಒಂದು ಜಾಹೀರಾತು ಬಂದಿದೆ. ಮೆದುಳಿನಲ್ಲಿ ಫಿಟ್ಸ್ ಹೇಗೆ ಶುರುವಾಗುತ್ತದೆ ಎಂದು ಸಣ್ಣ ಮೀನುಗಳಲ್ಲಿ ಹುಡುಕುವ ಮಹಿಳಾ ಪ್ರೊಫೆಸರ್ ಒಬ್ಬರದು. ಒಂದೇ ಒಂದು ಜಾಗ, ಪೂರ್ತಿ ಸ್ಟೈಪೆಂಡ್. ಇಲ್ಲಿ ಮೂರು ವರ್ಷದಿಂದ ಮೀನು ಸಾಕುವುದೇ ನನ್ನ ಕೆಲಸ. ಮೂರು ಸಲ ಓದಿದೆ ಅಪ್ಪ. ಬೇರೆಲ್ಲ ಕಡೆ ನನ್ನನ್ನು ನಾನೇ ಹೇಗೋ ತುರುಕಲು ನೋಡುತ್ತಿದ್ದೆ, ಇದು ನನ್ನ ಅಳತೆಗೇ ಹೊಲಿದಂತಿದೆ. ಅಮ್ಮನಿಗೆ ತೋರಿಸಲು ಜಾಹೀರಾತಿನ ಪ್ರತಿ ಇದರೊಳಗೆ ಇಟ್ಟಿದ್ದೇನೆ.

ಇನ್ನೊಂದು ಮಾತು. ನನಗೆ ಫಿಟ್ಸ್ ಇದೆ ಎಂದು ಅರ್ಜಿಯಲ್ಲಿ ಬರೆದಿಲ್ಲ. ಅವರು ಕೇಳಿಯೂ ಇಲ್ಲ. ಕೊನೆಯ ಸಲ ಬಂದು ಎಷ್ಟೋ ವರ್ಷವಾಯಿತು, ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನನ್ನನ್ನು ನೋಡಿ "ಪಾಪ" ಅನ್ನುವವರು ಒಬ್ಬರೂ ಇಲ್ಲದ ಜಾಗಕ್ಕೆ ಒಮ್ಮೆ ಹೋಗಬೇಕು ಅನ್ನಿಸುತ್ತದೆ. ಈ ವಿಷಯ ನನಗೆ ಬಿಡಿ.

ನಿಮ್ಮ ಮಗಳು

*

ಜನವರಿ ೧೯

ಪುಟ್ಟಿ,

ನಿನ್ನ ಕಾಗದವನ್ನು ನಿಮ್ಮಮ್ಮ ಜೋರಾಗಿ ಓದಿದಳು, ಆಮೇಲೆ ನಾನು ಒಬ್ಬನೇ ಓದಿದೆ. "ನಾನು ಅವರಲ್ಲ" ಅನ್ನುವಲ್ಲಿ ನಕ್ಕುಬಿಟ್ಟೆ. ನಗಬೇಡಿ ಅನ್ನುವುದನ್ನು ಅದಕ್ಕಿಂತ ಮುಂಚೆ ಬರೆಯಬೇಕಿತ್ತು.

ನಮ್ಮ ಡ್ರೈವಿಂಗ್ ಸ್ಕೂಲಿಗೆ ಈ ವಾರ ಹಲ್ಲಿನ ಡಾಕ್ಟರೊಬ್ಬರು ಸೇರಿದ್ದಾರೆ. ಎದುರಿಗೆ ಲಾರಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಸಾರ್, ಕಣ್ಣು ಬಿಡಿ" ಅಂದರೆ "ಪಕ್ಕದಲ್ಲಿ ನೀವಿದ್ದೀರಲ್ಲ" ಅಂತಾರೆ. ಇದ್ದೇನೆ, ಇರದೆ ಏನು ಮಾಡಲಿ. ನನ್ನ ಕಾಲಡಿಯಲ್ಲೂ ಒಂದು ಬ್ರೇಕು ಇರುವುದರಿಂದ ಅವರ ಹಲ್ಲೂ ನನ್ನ ಹಲ್ಲೂ ಇನ್ನೂ ಜಾಗದಲ್ಲಿವೆ. ಬೂಟು ಮತ್ತೆ ಬಲಗಾಲಿನದು ಮಾತ್ರ ಸವೆದಿದೆ. "ಅಂಗಡಿಯವನು ಒಂಟಿ ಬೂಟು ಮಾರೋ ಹಾಗಿದ್ರೆ ನಾವು ಇಷ್ಟರಲ್ಲಿ ಮನೆ ಕಟ್ಟಿಸ್ತಿದ್ವಿ" ಅಂತ ನಿಮ್ಮಮ್ಮ ಅಂಗಡಿಯಲ್ಲೇ ಮಾನ ಕಳೆದಳು.

ಊರಿಗೆಲ್ಲ ಡ್ರೈವಿಂಗ್ ಕಲಿಸಿದೆ, ನಿನಗೊಬ್ಬಳಿಗೆ ಕಲಿಸಲಾಗಲಿಲ್ಲ. ಆವತ್ತು ಶಾಲೆಯಿಂದ ನಿನ್ನನ್ನು ಕರೆದುಕೊಂಡು ಬರುತ್ತಿದ್ದೆ. ರಸ್ತೆಯುದ್ದಕ್ಕೂ ಮರ, ಮರಗಳ ಸಂದಿಯಲ್ಲಿ ಸಂಜೆ ಬಿಸಿಲು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಯಾವುದೋ ಗೆಳತಿಯ ವಿಷಯ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದೆ. ತಿರುಗಿ ನೋಡಿದರೆ ನೀನು ನೀನಾಗಿರಲಿಲ್ಲ. ಆವತ್ತು ಬ್ರೇಕಿನ ಮೇಲಿಟ್ಟ ಕಾಲನ್ನು ನಾನು ಇನ್ನೂ ಎತ್ತಿಲ್ಲ ಅಂತ ಒಂದೊಂದು ಸಲ ಅನ್ನಿಸುತ್ತದೆ.

ಆ ಪ್ರೊಫೆಸರಮ್ಮನಿಗೆ ಹೇಳಿಬಿಡು ಪುಟ್ಟಿ. ಫಿಟ್ಸ್ ಮೇಲೇ ಕೆಲಸ ಮಾಡುವವರ ಹತ್ತಿರ ಅದನ್ನೇ ಮುಚ್ಚಿಡುವುದು ಎಂಥ ಲೆಕ್ಕ? ಅವರೇನು ಹೊಡೆಯುತ್ತಾರೆಯೇ? ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತಿದ್ದೀಯಾ? ಊಟ? ಲ್ಯಾಬಿನಲ್ಲಿ ತಡವಾದರೆ ಜೊತೆಗೆ ಯಾರಿರುತ್ತಾರೆ?

ನಿನ್ನ ಅಪ್ಪ

*

ಫೆಬ್ರವರಿ ೨೩

ಅಪ್ಪ,

ಒಂದೇ ಕಾಗದದಲ್ಲಿ ಐದು ಪ್ರಶ್ನೆ. ತಗೊಳ್ಳುತ್ತಿದ್ದೇನೆ, ಮಾಡುತ್ತಿದ್ದೇನೆ, ಕಾವಲುಗಾರ ಇರುತ್ತಾನೆ. ಉಳಿದ ಎರಡಕ್ಕೆ ಉತ್ತರ ಹೋದ ಸಲವೇ ಬರೆದಿದ್ದೇನೆ.

ಅವರು ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಮೊದಲೇ ಹೇಳಲಿಲ್ಲ, ಹೇಳಿದ್ದರೆ ನೀವಿಬ್ಬರೂ ನಿದ್ದೆ ಕೆಡಿಸಿಕೊಳ್ಳುತ್ತಿದ್ದಿರಿ. ಅದಕ್ಕೂ ಮುಂಚಿನ ವಾರ ನನ್ನ ಜೀವ ಬಾಯಿಗೆ ಬಂದಿತ್ತು. ನಮ್ಮ ಗೈಡ್ ಶಿಫಾರಸು ಪತ್ರ ಕಳಿಸಬೇಕಿತ್ತು. ಇವತ್ತು ನಾಳೆ ಅನ್ನುತ್ತಾ ಕೊನೆಯ ದಿನದವರೆಗೂ ಎಳೆದರು. ಅವರ ಬಾಗಿಲಲ್ಲಿ ಹೋಗಿ ನಿಂತೆ. "ನೀನು ಹೋದ್ರೆ ಇಲ್ಲಿ ಮೀನು ನೋಡ್ಕೊಳ್ಳೋರು ಯಾರಮ್ಮ" ಅಂದರು. ತಮಾಷೆಗೆ ಅಂದದ್ದೋ ಏನೋ, ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಗಾಬರಿಯಾಗಿ ಅಲ್ಲೇ ಕೂತು ಕಳಿಸಿದರು.

ಸಂದರ್ಶನ ಚೆನ್ನಾಗಿಯೇ ಆಯಿತು. ಒಂದು ಪ್ರಶ್ನೆಗೆ ಗೊತ್ತಿಲ್ಲ ಅಂದೆ, ಉಳಿದದ್ದಕ್ಕೆಲ್ಲ ಉತ್ತರ ಕೊಟ್ಟೆ. ಆಮೇಲೆ ಪ್ರೊಫೆಸರ್ ತಾವೇ ಕರೆದುಕೊಂಡು ಹೋಗಿ ಲ್ಯಾಬು ತೋರಿಸಿದರು. ಕೊನೆಯಲ್ಲಿ ಕಪ್ಪು ಪರದೆ ಬಿಟ್ಟ ಒಂದು ಚಿಕ್ಕ ಕೋಣೆ. ಗಾಜಿನ ತಟ್ಟೆಯಲ್ಲಿ ಕತ್ತರಿಸಿದ ಉಗುರಿನಷ್ಟು ಸಣ್ಣ ಮೀನುಗಳು, ಅವುಗಳ ಮೇಲೆ ಪಟಪಟ ಮಿನುಗುವ ಒಂದು ದೀಪ. ಮಿನುಗಿನ ವೇಗ ಒಂದು ಮಟ್ಟಕ್ಕೆ ಬಂದಾಗ ಮೀನು ಈಜುವುದನ್ನು ನಿಲ್ಲಿಸಿ ಅದುರುತ್ತದೆ. ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಅದರ ಮೆದುಳಿನ ಅಲೆಗಳು ಮೂಡುತ್ತವೆ. ನನ್ನೊಳಗೆ ಏನಾಗುತ್ತದೆ ಎಂದು ಇಷ್ಟು ವರ್ಷ ನಾನು ಪುಸ್ತಕದಲ್ಲಿ ಓದಿದ್ದೆ, ಅಲ್ಲಿ ಕಣ್ಣೆದುರಿಗೆ ಗೆರೆಗೆರೆಯಾಗಿ ಓಡುತ್ತಿತ್ತು. ಆಯ್ಕೆಯಾದವರು ಹೆಚ್ಚಿನ ದಿನ ಈ ಕೋಣೆಯಲ್ಲೇ ಇರಬೇಕಾಗುತ್ತದೆ ಎಂದರು ಪ್ರೊಫೆಸರ್.

ದೀಪ ಹಾಕಿದಾಗ ನಾನು ಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ, ಮಿನುಗುವ ಬೆಳಕು ಕಂಡರೆ ಹೀಗೆ ಮಾಡು ಅಂತ ಚಿಕ್ಕವಳಿದ್ದಾಗ ಡಾಕ್ಟರು ಹೇಳಿಕೊಟ್ಟಿದ್ದರಲ್ಲ, ಹಾಗೆ. ಏನೂ ಆಗಲಿಲ್ಲ. ನಿಮ್ಮಿಂದ ಮುಚ್ಚಿಡಬಾರದು ಅಂತ ಬರೆದಿದ್ದೇನೆ. ದಯವಿಟ್ಟು ಹೆದರಬೇಡಿ. ಬರುವಾಗ ಬಸ್ಸಿನಲ್ಲಿ ನಾನು ಸುಮ್ಮಸುಮ್ಮನೆ ನಗುತ್ತಿದ್ದೆ, ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ನಿಮ್ಮ ಮಗಳು

*

ಮಾರ್ಚ್ ೨

ಪುಟ್ಟಿ,

ನಾನೊಂದು ಕೆಲಸ ಮಾಡಿದ್ದೇನೆ. ಬೇರೆಯವರ ಬಾಯಲ್ಲಿ ಕೇಳುವ ಮುಂಚೆ ನನ್ನಿಂದಲೇ ತಿಳಿ.

ಮಿನುಗುವ ದೀಪದ ಕೋಣೆ ಅಂತ ಓದಿದ ಮೇಲೆ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಪಾಠಕ್ಕೆ ಹೋದೆ. ಹಲ್ಲಿನ ಡಾಕ್ಟರು ಸರಿಯಾಗಿಯೇ ಓಡಿಸುತ್ತಿದ್ದರು, ರಸ್ತೆ ಖಾಲಿ ಇತ್ತು, ನಾನೇ ಸುಮ್ಮನೆ ಬ್ರೇಕು ಒತ್ತಿಬಿಟ್ಟೆ. "ಯಾಕೆ, ಏನು ಬಂತು" ಅಂದರು. ಏನೂ ಬಂದಿರಲಿಲ್ಲ. ಮರಗಳ ಸಂದಿಯಲ್ಲಿ ಬಿಸಿಲಿತ್ತು, ಅಷ್ಟೇ.

ಮನೆಗೆ ಬಂದು ಜಾಹೀರಾತಿನಲ್ಲಿದ್ದ ವಿಳಾಸಕ್ಕೆ ಪ್ರೊಫೆಸರಮ್ಮನಿಗೆ ಕಾಗದ ಬರೆದೆ. ನಿಮ್ಮಮ್ಮ ಬೇಡ ಅಂದಳು. ನಾನು ಕೇಳಲಿಲ್ಲ. ಬರೆದದ್ದು ಇಷ್ಟು: ನಾನು ಇಂಥವಳ ತಂದೆ. ನನ್ನ ಮಗಳು ಬುದ್ಧಿವಂತೆ, ಹಿಡಿದ ಕೆಲಸ ಬಿಡುವವಳಲ್ಲ. ಅವಳಿಗೆ ಮಿನುಗುವ ಬೆಳಕಿನಿಂದ ಫಿಟ್ಸ್ ಬರುತ್ತದೆ. ಅವಳು ಇದನ್ನು ತಾನಾಗಿ ಹೇಳುವುದಿಲ್ಲ. ದಯವಿಟ್ಟು ಆ ಕೋಣೆಯಲ್ಲಿ ಅವಳೊಬ್ಬಳನ್ನೇ ಬಿಡಬೇಡಿ. ಸೀಟು ಕೊಡಬೇಡಿ ಅಂತ ನಾನು ಬರೆದಿಲ್ಲ. ದಯವಿಟ್ಟು ಕೊಡಿ ಅಂತಲೇ ಕೊನೆಗೆ ಬರೆದಿದ್ದೇನೆ.

ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಕೈ ಒಳಗೆ ಹೋಗುತ್ತದಾ ಅಂತ ನೋಡಿದೆ. ಹೋಗಲಿಲ್ಲ.

ನಿನ್ನ ಅಪ್ಪ

*

ಮಾರ್ಚ್ ೮

ಅಪ್ಪ,

ನಿಮ್ಮ ಕಾಗದವನ್ನು ಮೀನಿನ ಕೋಣೆಯಲ್ಲಿ ನಿಂತು ಓದಿದೆ. ಎಷ್ಟು ಹೊತ್ತು ನಿಂತಿದ್ದೆನೋ, ನಲ್ಲಿ ತೆರೆದೇ ಇತ್ತು, ನೆಲವೆಲ್ಲ ನೀರಾಗಿತ್ತು.

ಶಿಫಾರಸು ಪತ್ರ ಬರೆಯಲು ತಂದೆಯನ್ನು ಯಾರೂ ಕರೆಯುವುದಿಲ್ಲ, ಯಾಕೆ ಗೊತ್ತೇ? ತಂದೆ ಹೆದರಿರುತ್ತಾನೆ. ಇಪ್ಪತ್ತೆಂಟು ವರ್ಷದ ಹೆಂಗಸಿನ ಬಗ್ಗೆ, ಅವಳು ಕೆಲಸ ಕೇಳಿದ ಕಡೆಗೆ, "ಅವಳೊಬ್ಬಳನ್ನೇ ಬಿಡಬೇಡಿ" ಎಂದು ಬರೆದಿದ್ದೀರಿ. ಅವರು ಇನ್ನು ನನ್ನ ಅಂಕ ನೋಡುತ್ತಾರಾ, ಮೂರು ವರ್ಷದ ಕೆಲಸ ನೋಡುತ್ತಾರಾ? ನಾನು ಹೇಳುವುದಿಲ್ಲ ಅಂತ ನಿಮಗೆ ಯಾರು ಹೇಳಿದರು? ಸೀಟು ಸಿಕ್ಕ ಮೇಲೆ, ಕೆಲಸ ಶುರುವಾಗುವ ಮುಂಚೆ, ನನ್ನ ಬಾಯಿಂದ ಹೇಳಬೇಕು ಅಂತಿದ್ದೆ. ಅಷ್ಟನ್ನಾದರೂ ನನಗೆ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು.

ನೀವು ನನ್ನ ಪಕ್ಕದ ಸೀಟಿನಿಂದ ಯಾವತ್ತೂ ಇಳಿಯಲೇ ಇಲ್ಲ. ಸ್ವಲ್ಪ ದಿನ ನನಗೆ ಬರೆಯಬೇಡಿ.

ಮಗಳು

*

ಏಪ್ರಿಲ್ ೬

ಪುಟ್ಟಿ,

ಬರೆಯಬೇಡಿ ಅಂದಿದ್ದೀಯ. ಇದು ನಿಮ್ಮಮ್ಮ ಹೇಳಿ ಬರೆಸುತ್ತಿರುವುದು, ಕೈ ಮಾತ್ರ ನನ್ನದು.

ಅವಳು ಹೇಳುತ್ತಿದ್ದಾಳೆ: ಸಿಟ್ಟು ಮಾಡಿಕೊಂಡಿರು, ಪರವಾಗಿಲ್ಲ, ಊಟ ಬಿಡಬೇಡ. ಈ ಮನುಷ್ಯ ಬೆಳಿಗ್ಗೆಯಿಂದ ಅಂಚೆಯವನ ದಾರಿಗೆ ಕಣ್ಣು ನೆಟ್ಟು ಕಾಯುತ್ತಾನೆ, ಅವನು ಬಂದರೆ ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತಾನೆ. ಟೀವಿ ನೋಡುವಾಗಲೂ ಕಾಲಿನಿಂದ ನೆಲ ಒತ್ತುತ್ತಾನೆ. ನನಗೆ ಸಾಕಾಗಿಹೋಗಿದೆ. ಏನಾಯಿತು ಅಂತ ಒಂದು ಸಾಲು ಹಾಕು.

ಅಮ್ಮ (ಬರೆದದ್ದು ಅಪ್ಪ)

*

ಏಪ್ರಿಲ್ ೧೮

ಅಪ್ಪ,

ಪ್ರೊಫೆಸರ್ ಫೋನು ಮಾಡಿದ್ದರು. "ಆಯ್ಕೆ ಪಟ್ಟಿಯಲ್ಲಿ ಮೊದಲ ಹೆಸರು ನಿಂದೇ ಇತ್ತು. ಆಮೇಲೆ ನಿಮ್ಮ ತಂದೆಯವರ ಕಾಗದ ಬಂತು. ಅದರಲ್ಲಿರೋದು ನಿಜಾನಾ?" ಅಂದರು. ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ನಿಜ ಅಂದೆ. ಮನೆಯವರನ್ನು, ಡಾಕ್ಟರನ್ನು ಬಿಟ್ಟು ಇನ್ನೊಬ್ಬರಿಗೆ ನಾನು ಅದನ್ನು ಹೇಳಿದ್ದು ಅದೇ ಮೊದಲು.

ಅವರು ಬೈಯಲೂ ಇಲ್ಲ, ಪಾಪ ಅನ್ನಲೂ ಇಲ್ಲ. ಆದರೆ ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲು ಅವರಿಂದ ಆಗುವುದಿಲ್ಲವಂತೆ. ಸಂಸ್ಥೆಯ ಸಮಿತಿ ಮೆದುಳಿನ ಅಲೆಗಳ ಪರೀಕ್ಷೆಯ ವರದಿ ಕೇಳಿದೆ, ಮಿನುಗುವ ದೀಪದ ಎದುರಿಗೆ ಕೂರಿಸಿ ಮಾಡುವ ಪರೀಕ್ಷೆ. ಈ ತಿಂಗಳೊಳಗೆ ವರದಿ ಕೊಡದಿದ್ದರೆ ಅಥವಾ ವರದಿ ಅವರಿಗೆ ಒಪ್ಪಿಗೆಯಾಗದಿದ್ದರೆ ಎರಡನೆಯ ಹೆಸರಿನವರಿಗೆ ಜಾಗ ಹೋಗುತ್ತದೆ. ಅವರೂ ತುದಿಗಾಲಲ್ಲಿ ಕಾಯುತ್ತಿರುತ್ತಾರೆ, ನನ್ನ ಹಾಗೇ.

ಹಿಂದಿನ ರಾತ್ರಿ ನಿದ್ದೆ ಮಾಡದೆ ಆಸ್ಪತ್ರೆಗೆ ಬರಬೇಕು, ಮನೆಯವರೊಬ್ಬರು ಜೊತೆಗಿರಲೇಬೇಕು ಅಂತ ಆಸ್ಪತ್ರೆಯವರು ಹೇಳಿದ್ದಾರೆ. ಬೇರೆ ದಾರಿ ಇಲ್ಲ. ಇದೇ ಇಪ್ಪತ್ತಾರಕ್ಕೆ ಬನ್ನಿ. ಸಿಟ್ಟು ಹೋಗಿಲ್ಲ. ಆಸ್ಪತ್ರೆಗೆ ಹೋಗಿ ಬರುವಾಗ ಬಸ್ಸಿನಲ್ಲಿ ಮಾತಾಡಿಸಬೇಡಿ.

ಮಗಳು

*

ಏಪ್ರಿಲ್ ೩೦

ಪುಟ್ಟಿ,

ಬಸ್ಸಿನಲ್ಲಿ ಮಾತಾಡಿಸಬೇಡಿ ಅಂದಿದ್ದೆಯಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಿನ್ನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ನಾನೂ ಬರುತ್ತೇನೆ ಅಂದೆ. "ನೀವು ಹೊರಗೇ ಇರಿ ಯಜಮಾನ್ರೇ" ಅಂದಳು ನರ್ಸು. ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಮಿನುಗಲು ಶುರುವಾಯಿತು. ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ. ಥೇಟ್ ಆ ರಸ್ತೆಯ ಬಿಸಿಲು. ಎದ್ದು ಬಾಗಿಲು ಬಡಿದುಬಿಡಲೇ ಅನ್ನಿಸಿತು. ಬಡಿದಿದ್ದರೆ ಪರೀಕ್ಷೆ ಕೆಡುತ್ತಿತ್ತು, ಇನ್ನೊಂದು ದಿನ ಸಿಗುತ್ತಿರಲಿಲ್ಲ, ನಿನ್ನ ಸೀಟು ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ ಎದ್ದೆ, ಮತ್ತೆ ಕೂತೆ.

ಲೈಸೆನ್ಸ್ ಪರೀಕ್ಷೆಯ ದಿನ ಕಲಿಸಿದವನು ಕಾರಿನಲ್ಲಿ ಇರುವ ಹಾಗಿಲ್ಲ. ಇಳಿದು ಮರದ ಕೆಳಗೆ ನಿಲ್ಲಬೇಕು. ನನ್ನ ಹುಡುಗರು ತಿರುವಿನಲ್ಲಿ ಹೋಗುವಾಗ ನಾನು ಅಲ್ಲಿಂದಲೇ ನೆಲ ಒತ್ತುತ್ತಿರುತ್ತೇನೆ, ಕಾರು ನನ್ನ ಕಾಲಿಗೆ ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ. ಆಸ್ಪತ್ರೆಯಲ್ಲೂ ಅದನ್ನೇ ಮಾಡುತ್ತಿದ್ದೆ ಅಂತ ಕಾಣುತ್ತದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಕಾಲು ಸುಮ್ನೆ ಇಟ್ಕೊಳಪ್ಪ, ಬೆಂಚು ಅಲ್ಲಾಡ್ತಿದೆ" ಅಂದರು. ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಕೂತೆ. ಬೆಳಕು ನಿಂತಿತು. ನೀನು ತಂತಿ ಅಂಟಿಸಿದ್ದ ಗೋಂದನ್ನು ತಲೆಗೆಲ್ಲ ಮೆತ್ತಿಕೊಂಡು ನಡೆದುಕೊಂಡೇ ಹೊರಗೆ ಬಂದೆ.

ವಾಪಸ್ ಬರುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದೆ. ಗೋಂದು ನನ್ನ ಅಂಗಿಗೂ ಹತ್ತಿದೆ. ನಿಮ್ಮಮ್ಮ ತೊಳೆಯುತ್ತೇನೆ ಅಂದಳು, ಇನ್ನೂ ಕೊಟ್ಟಿಲ್ಲ.

ವರದಿ ಏನು ಬಂತು ಅಂತ ಕೇಳುತ್ತಿಲ್ಲ.

ಅಪ್ಪ

*

ಮೇ ೨೭

ಅಪ್ಪ,

ಸೀಟು ಸಿಕ್ಕಿತು. ಅಮ್ಮನಿಗೆ ಇಷ್ಟು ಓದಿ ಹೇಳಿ, ಆಮೇಲೆ ಉಳಿದದ್ದನ್ನು ಓದಿ.

ವರದಿಯಲ್ಲಿ ಏನೂ ಇರುವುದಿಲ್ಲ ಅಂದುಕೊಂಡಿದ್ದೆ. ಇತ್ತು. ಬೆಳಕು ಒಂದು ವೇಗಕ್ಕೆ ಬಂದಾಗ ಅಲೆಗಳು ಎಗರಿವೆ. ನನಗೆ ಗೊತ್ತೇ ಆಗಿರಲಿಲ್ಲ. ಕೆಲಸಕ್ಕೆ ಅಡ್ಡಿಯಿಲ್ಲ, ಮಿನುಗುವ ಬೆಳಕಿರುವಲ್ಲಿ ಇರಬಾರದು ಎಂದು ಡಾಕ್ಟರು ಬರೆದರು. ಅದನ್ನು ಹಿಡಿದು ಸಮಿತಿ ಮೂರು ವಾರ ಕೂತಿತು. ಆ ಮೂರು ವಾರ ನಾನು ಹೇಗಿದ್ದೆ ಅಂತ ಬರೆಯುವುದಿಲ್ಲ. ಕಟ್ಟಿದ ಪೆಟ್ಟಿಗೆಗಳ ಮಧ್ಯೆ ಮಲಗುತ್ತಿದ್ದೆ. ಕೊನೆಗೆ ಪ್ರೊಫೆಸರ್ ಒಂದು ದಾರಿ ಮಾಡಿದರು. ದೀಪದ ಕೋಣೆಯ ಕೆಲಸ ಅಲ್ಲಿನ ಹಿರಿಯ ವಿದ್ಯಾರ್ಥಿನಿಗೆ, ಅಲೆಗಳನ್ನು ಓದಿ ಲೆಕ್ಕ ಹಾಕುವ ಕೆಲಸ ನನಗೆ. "ಅರ್ಜಿ ಹಾಕುವಾಗ್ಲೇ ಹೇಳಿದ್ರೆ ಇದನ್ನ ಜನವರಿಲೇ ಮಾಡ್ತಿದ್ದೆ" ಅಂದರು. ಅಂದರೆ ನೀವು ಜನವರಿಯಲ್ಲಿ ಹೇಳಿದ್ದನ್ನೇ ಹೇಳಿದರು. ಗೆದ್ದೆ ಅಂದುಕೊಳ್ಳಬೇಡಿ.

ಆ ಕಪ್ಪು ಪರದೆಯ ಕೋಣೆಗೆ ನಾನು ಕಾಲಿಡುವಂತಿಲ್ಲ. ನನಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಆ ಕೋಣೆ. ನೀವು ಬರೆಯದಿದ್ದರೆ ಈ ಹೊತ್ತಿಗೆ ಅಲ್ಲಿರುತ್ತಿದ್ದೆ, ಒಂದು ಕಣ್ಣು ಮುಚ್ಚಿಕೊಂಡು. ಆಮೇಲೆ ಏನಾಗುತ್ತಿತ್ತು ಅಂತ ವರದಿ ನೋಡಿದ ಮೇಲೆ ನನಗೂ ಗೊತ್ತು. ನೀವು ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ತಪ್ಪು ಅನ್ನೋಣವೆಂದರೆ ಈಗ ಬಾಯಿ ಬರುತ್ತಿಲ್ಲ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು.

ಸೇರುವಾಗ ಒಂದು ಕಾಗದ ತುಂಬಿಸಿಕೊಂಡರು. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಅಂತ ಎರಡು ಸಾಲು. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆದೆ. ಆಮೇಲೆ ಹೊಡೆದು ಹಾಕಿ ಆ ಹಿರಿಯ ವಿದ್ಯಾರ್ಥಿನಿಯ ಹೆಸರು ಬರೆದೆ. ಅವಳ ಮೇಜು ನನ್ನ ಮೇಜಿನ ಪಕ್ಕದಲ್ಲೇ ಇದೆ, ನೀವು ಬರಲು ಒಂದು ದಿನ ಬೇಕು. ನಿಮ್ಮನ್ನು ಎರಡನೆಯ ಸಾಲಿನಲ್ಲಿ ಹಾಕಿದ್ದೇನೆ. ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಗೊತ್ತು, ಆದರೂ ತಿಳಿದಿರಲಿ ಅಂತ ಬರೆದಿದ್ದೇನೆ.

ಹೊಸ ವಿಳಾಸ ಹಿಂದೆ ಇದೆ.

ನಿಮ್ಮ ಮಗಳು

*

ಜೂನ್ ೪

ಪುಟ್ಟಿ,

ನಿಮ್ಮಮ್ಮ ಮೊದಲ ಸಾಲು ಕೇಳಿದವಳೇ ಕುರ್ಚಿಯ ಮೇಲೆ ಕೂತು ಅತ್ತಳು. ಆಮೇಲೆ ಎದ್ದು ಎದುರು ಮನೆಗೆ, ಮೇಲಿನ ಮನೆಗೆ, ಹಾಲಿನವನಿಗೆ, ಎಲ್ಲರಿಗೂ ಹೇಳಿ ಬಂದಳು. ಹಾಲಿನವನು ಸ್ಟೈಪೆಂಡ್ ಅಂದರೇನು ಅಂತ ಕೇಳಿದ. ಅವಳು ನನ್ನನ್ನು ಕರೆದಳು, ನನಗೂ ಸರಿಯಾಗಿ ಹೇಳಲು ಬರಲಿಲ್ಲ.

ಹಲ್ಲಿನ ಡಾಕ್ಟರು ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದರು. ಕಣ್ಣು ಬಿಟ್ಟುಕೊಂಡೇ ಓಡಿಸಿದರಂತೆ.

ನಿನ್ನ ಕಾಗದ ಓದಿ ಮೊದಲು ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ. ಹೊರಗೆ ಹೋಗಿ ಕಾರಿನಲ್ಲಿ ನನ್ನ ಜಾಗದಲ್ಲಿ ಕೂತೆ. ಮೂವತ್ತು ವರ್ಷದಿಂದ ಎರಡನೆಯ ಸೀಟಿನಲ್ಲೇ ಕೂತು ಅನ್ನ ಸಂಪಾದಿಸಿದವನು ನಾನು. ಎರಡನೆಯ ಸಾಲು ನನಗೆ ಹೊಸದಲ್ಲ.

ಮೊದಲ ಸಾಲಿನ ಆ ಹುಡುಗಿಗೆ ಕೆಲವು ವಿಷಯ ಗೊತ್ತಿರಬೇಕು. ಫಿಟ್ಸ್ ಬಂದಾಗ ನಿನ್ನನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಟ್ಟಿಯಾಗಿ ಹಿಡಿದುಕೊಳ್ಳಬಾರದು, ಎಚ್ಚರಾದ ಮೇಲೆ ನಿನಗೆ ನಾಚಿಕೆಯಾಗುತ್ತದೆ, ಆಗ ಬೇರೆ ಏನಾದರೂ ಮಾತಾಡಬೇಕು. ಅವಳಿಗೇ ಒಂದು ಕಾಗದ ಬರೆಯೋಣ ಅಂತ ಕೂತೆ. ಮೇಲೆ ವಿಳಾಸವನ್ನೂ ಬರೆದಿದ್ದೆ.

ಹರಿದು ಹಾಕಿದೆ. ನೀನೇ ಹೇಳು.

ನಿನ್ನ ಅಪ್ಪ